ಪುಸ್ತಕ ಮುಚ್ಚಿ ಲೆಕ್ಕ ಮಾಡಿಸಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುವ ನನಗೆ ಜಾಸ್ತಿ ಕೇಳಿಬರುವ ದೂರು ಒಂದೇ: "ಮಾಷ್ಟ್ರೇ, ಮಗ ದಿನಾ ಓದುತ್ತಾನೆ, ಪರೀಕ್ಷೆಗೆ ಕೂತರೆ ಮಾತ್ರ ಬರುವುದಿಲ್ಲ." ಹೇಗೆ ಓದುತ್ತಾನೆ ಎಂದು ವಿಚಾರಿಸಿದರೆ ವಿಷಯ ಗೊತ್ತಾಗುತ್ತದೆ. ಗೈಡಿನಲ್ಲಿ ಬಿಡಿಸಿಟ್ಟ ಲೆಕ್ಕದ ಮೇಲೆ ಕಣ್ಣಾಡಿಸುತ್ತಾನೆ, ಇಲ್ಲವೇ ಯೂಟ್ಯೂಬಿನಲ್ಲಿ ಮಲಯಾಳಂ ಕ್ಲಾಸ್ ನೋಡುತ್ತಾನೆ. ನೋಡುವಾಗ ಎಲ್ಲವೂ ಸಲೀಸು, ಅಲ್ವಾ?

ಉದಾಹರಣೆಗೆ 5, 8, 11, 14 ಎಂಬ ಸಮಾಂತರ ಶ್ರೇಢಿಯ (ಪ್ರತಿ ಸಲ 3 ಕೂಡಿಸುತ್ತಾ ಹೋಗುವ ಸಾಲಿನ) 20ನೇ ಪದ, ಅಂದರೆ 20ನೇ ಸಂಖ್ಯೆ, ಯಾವುದು? 5 + 19 × 3 = 62. ಗೈಡಿನಲ್ಲಿ ನೋಡಿದವರು ಸರಿ ಎಂದು ತಲೆಯಾಡಿಸುತ್ತಾರೆ. ಪುಸ್ತಕ ಮುಚ್ಚಿ ಮಾಡಿಸಿದರೆ ಹಲವರು 5 + 20 × 3 ಹಾಕಿ 65 ಎನ್ನುತ್ತಾರೆ. ಮೊದಲ ಪದ ಕೈಯಲ್ಲೇ ಇದೆ, ಇನ್ನು 19 ಸಲ ಕೂಡಿಸಿದರೆ ಸಾಕು ಎಂಬುದು ಬರೆದು ಎಡವಿದ ಮೇಲೇ ತಲೆಗೆ ಹೋಗುವುದು. ಅದೇ ಶ್ರೇಢಿಯಲ್ಲಿ 100 ಇದೆಯೇ? ಯಾವ ಪದವನ್ನು 3ರಿಂದ ಭಾಗಿಸಿದರೂ ಶೇಷ 2. 100ಕ್ಕೆ ಶೇಷ 1. ಹಾಗಾಗಿ ಇಲ್ಲ. ಇದನ್ನು ಮಗು ತಾನೇ ಕಂಡುಹಿಡಿದಾಗ ಅದರ ಮುಖ ನೋಡಬೇಕು!

ತಪ್ಪಿದ ಲೆಕ್ಕವನ್ನು ಮರುದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಉತ್ತರ ನೋಡದೆ ಮಾಡಿಸಿ. ಕಲಿತದ್ದರಲ್ಲಿ ಹೆಚ್ಚಿನದು ಮೊದಮೊದಲ ದಿನಗಳಲ್ಲೇ ಮರೆತುಹೋಗುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರೆ.

ಕೇರಳದ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ 80 ಅಂಕ, ಎರಡೂವರೆ ಗಂಟೆ. ಅದಕ್ಕೂ ಮೊದಲು ಪ್ರಶ್ನೆ ಓದಲು 15 ನಿಮಿಷ ಕೂಲ್ ಆಫ್ ಟೈಮ್. ಇದು ಶ್ರೇಢಿಯ ಲೆಕ್ಕ, ಇದು ವೃತ್ತದ್ದು ಎಂದು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ. ಮಗುವೇ ಗುರುತಿಸಬೇಕು. ನನ್ನ ಪ್ರಕಾರ ಅರ್ಧ ಗಣಿತ ಅದೇ. ಮನೆಯಲ್ಲಿ ಒಂದೇ ಪಾಠದ ಹತ್ತು ಲೆಕ್ಕ ಸಾಲಾಗಿ ಮಾಡಿದರೆ ಈ ಗುರುತಿಸುವ ಕೆಲಸವೇ ಇರುವುದಿಲ್ಲ. ಪಾಠ ಹೊಸದಾಗಿದ್ದಾಗ ಹಾಗೆ ಮಾಡಲಿ. ಆಮೇಲೆ ಶ್ರೇಢಿ, ವೃತ್ತ, ವರ್ಗ ಸಮೀಕರಣ ಎಲ್ಲ ಬೆರೆಸಿ ಕೊಡಿ. ಶುರುವಿಗೆ ನಿಧಾನ ಆಗುತ್ತದೆ, ತಪ್ಪೂ ಜಾಸ್ತಿ. ದಯವಿಟ್ಟು ಅದಕ್ಕೆ ಗದರಬೇಡಿ.

ನಮಗೆ ಗಣಿತ ಬರುವುದಿಲ್ಲವಲ್ಲ ಎನ್ನುವ ಅಮ್ಮಂದಿರೇ, ನಿಮಗೆ ಬರಬೇಕೆಂದಿಲ್ಲ. ಪಕ್ಕದಲ್ಲಿ ಕೂತು "ಈ ಲೆಕ್ಕಕ್ಕೆ ಈ ದಾರಿಯೇ ಯಾಕೆ?" ಎಂದು ಕೇಳಿ. ತುಳುವಿನಲ್ಲೋ ಮಲಯಾಳದಲ್ಲೋ, ಮನೆಮಾತು ಯಾವುದೋ ಅದರಲ್ಲೇ ಹೇಳಲಿ. ಹೇಳುತ್ತಾ ಹೇಳುತ್ತಾ ಎಲ್ಲಿ ತಡವರಿಸುತ್ತದೋ, ಮರುದಿನ ಶಾಲೆಯಲ್ಲಿ ಕೇಳಬೇಕಾದ ಸಂಶಯ ಅದೇ.