ತನ್ನನ್ನು ತಾನು ಪ್ರೀತಿಸಿದರೆ ಪಾಪವೇ? ಕ್ರೈಸ್ತರೊಳಗಿನ ಹಳೆಯ ತಕರಾರು

ಕ್ಯಾಥೊಲಿಕ್ ಸಭೆ 1992ರಲ್ಲಿ ಹೊರತಂದ ಅಧಿಕೃತ ಧರ್ಮೋಪದೇಶ ಗ್ರಂಥದ 1850ನೇ ಪರಿಚ್ಛೇದದ ಪ್ರಕಾರ ಪಾಪವೆಂದರೆ ದೇವರನ್ನೇ ತಿರಸ್ಕರಿಸುವ ಮಟ್ಟಕ್ಕೆ ಹೋದ ಸ್ವಪ್ರೀತಿ. ಅದೇ ಗ್ರಂಥದ 2264ನೇ ಪರಿಚ್ಛೇದಕ್ಕೆ ಬಂದರೆ ಸ್ವಪ್ರೀತಿ ನೀತಿಯ ಮೂಲತತ್ವಗಳಲ್ಲೊಂದು. ಜೀವ ಉಳಿಸಿಕೊಳ್ಳಲು ಎದುರಾಳಿಯನ್ನು ತಡೆಯುವುದು ನ್ಯಾಯವಾಗುವುದು ಅದರಿಂದಲೇ. ಇದು ಸಂಪಾದಕರ ಕಣ್ತಪ್ಪಲ್ಲ. ಮೊದಲ ಮಾತು ಸಂತ ಅಗಸ್ಟೀನರದು, ಎರಡನೆಯದು ಸಂತ ಥಾಮಸ್ ಅಕ್ವಿನಾಸರ ವಾದದ ಮೇಲೆ ನಿಂತದ್ದು.

ತಕರಾರಿನ ಬೀಜ ಬೈಬಲಿನಲ್ಲೇ ಇದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ಯಾಜಕಕಾಂಡ 19:18 ಹೇಳುತ್ತದೆ; ಮತ್ತಾಯ 22:39ರಲ್ಲಿ ಯೇಸು ಅದನ್ನೇ ಎತ್ತಿ ಆಡುತ್ತಾರೆ. ಇಲ್ಲಿ ಸ್ವಪ್ರೀತಿಯೇ ಅಳತೆಗೋಲು. ಆದರೆ ಎರಡನೇ ತಿಮೊಥೆಯ 3:2ರಲ್ಲಿ ಕಡೇ ದಿನಗಳ ಕೆಟ್ಟವರ ಪಟ್ಟಿ ಶುರುವಾಗುವುದೇ ತಮ್ಮನ್ನು ತಾವು ಪ್ರೀತಿಸಿಕೊಳ್ಳುವವರಿಂದ.

410ರಲ್ಲಿ ಗೋಥರು ರೋಮ್ ಸೂರೆಗೈದಾಗ, ಹಳೆಯ ದೇವತೆಗಳನ್ನು ಬಿಟ್ಟದ್ದರಿಂದಲೇ ಈ ಗತಿ ಬಂತೆಂದು ಕ್ರೈಸ್ತರನ್ನು ದೂರಿದವರು ಬಹಳ. ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನರು ಅದಕ್ಕೆ ಉತ್ತರವಾಗಿ 22 ಭಾಗಗಳ ಗ್ರಂಥ ಬರೆದು 426ರ ಹೊತ್ತಿಗೆ ಮುಗಿಸಿದರು. ಎರಡು ಪ್ರೀತಿಗಳು ಎರಡು ನಗರಗಳನ್ನು ಕಟ್ಟಿದವು ಎಂಬ ಪ್ರಸಿದ್ಧ ಮಾತು ಅದರ 14ನೇ ಭಾಗದ ಕೊನೆಯಲ್ಲಿದೆ: ದೇವರನ್ನು ತಿರಸ್ಕರಿಸುವ ಸ್ವಪ್ರೀತಿ ಭೂನಗರವನ್ನು, ತನ್ನನ್ನೇ ತೃಣೀಕರಿಸುವ ದೈವಪ್ರೀತಿ ಸ್ವರ್ಗನಗರವನ್ನು. ಇಷ್ಟನ್ನೇ ಹಿಡಿದು ಅಗಸ್ಟೀನರು ಸ್ವಪ್ರೀತಿಯ ಕಡುವೈರಿ ಎನ್ನುವವರುಂಟು. ಅದು ಅರ್ಧ ಓದು. ದೇವರನ್ನು ಪ್ರೀತಿಸುವವನೇ ತನ್ನನ್ನು ಸರಿಯಾಗಿ ಪ್ರೀತಿಸುವವನು, ಏಕೆಂದರೆ ಅವನ ಹಿತವಿರುವುದು ದೇವರಲ್ಲಿ ಎಂದೂ ಅವರೇ ಬರೆದಿದ್ದಾರೆ.

ಪೂರ್ವದ ಗ್ರೀಕ್ ಕ್ರೈಸ್ತ ಸನ್ಯಾಸಿಗಳ ಲೆಕ್ಕ ಬೇರೆ. ಏಳನೇ ಶತಮಾನದ ಮ್ಯಾಕ್ಸಿಮಸರಿಗೆ ಸ್ವಪ್ರೀತಿ ಎಂದರೆ ದೇಹದ ಮೇಲಿನ ವಿವೇಕವಿಲ್ಲದ ಮೋಹ; ಹೊಟ್ಟೆಬಾಕತನ, ದುರಾಸೆ, ಹೊಗಳಿಕೆಯ ಹುಚ್ಚು ಮೂರೂ ಅದರ ಮಕ್ಕಳು. ಪಶ್ಚಿಮದಲ್ಲಿ, 12ನೇ ಶತಮಾನದ ಫ್ರಾನ್ಸಿನ ಕ್ಲೇರ್ವೋ ಮಠದ ಬರ್ನಾರ್ಡರು ಪ್ರೀತಿಯನ್ನು ನಾಲ್ಕು ಮೆಟ್ಟಿಲಾಗಿ ಇಟ್ಟರು. ಮನುಷ್ಯ ಮೊದಲು ತನಗಾಗಿ ತನ್ನನ್ನು ಪ್ರೀತಿಸುತ್ತಾನೆ. ಕಷ್ಟ ಬಂದಾಗ ತನಗಾಗಿ ದೇವರನ್ನು. ರುಚಿ ಹತ್ತಿದ ಮೇಲೆ ದೇವರಿಗಾಗಿ ದೇವರನ್ನು. ಕೊನೆಗೆ ದೇವರಿಗಾಗಿ ತನ್ನನ್ನು. ಮೇಲಿನ ಮೆಟ್ಟಿಲಲ್ಲೂ 'ತಾನು' ಅಳಿಯುವುದಿಲ್ಲ, ಯಾರಿಗಾಗಿ ಎಂಬುದಷ್ಟೇ ಬದಲಾಗುತ್ತದೆ. ಆ ಮೆಟ್ಟಿಲಲ್ಲಿ ಈ ಜನ್ಮದಲ್ಲಿ ಯಾರೂ ಪೂರ್ತಿ ನಿಲ್ಲಲಾರರೇನೋ ಎಂಬ ಅನುಮಾನ ಬರ್ನಾರ್ಡರಿಗೇ ಇತ್ತು.

ಅತ್ಯಂತ ಉಪಯುಕ್ತ ವಿಂಗಡಣೆ ಮಾತ್ರ 13ನೇ ಶತಮಾನದ ಅಕ್ವಿನಾಸರದು. ಎಲ್ಲ ಪಾಪಕ್ಕೂ ಕಾರಣ ಸ್ವಪ್ರೀತಿಯಲ್ಲ, ಕ್ರಮ ತಪ್ಪಿದ ಸ್ವಪ್ರೀತಿ. ಕ್ರಮ ಹೀಗೆ: ಮೊದಲು ದೇವರು, ಆಮೇಲೆ ತನ್ನ ಆತ್ಮ, ಆಮೇಲೆ ನೆರೆಯವನು, ಕಡೆಗೆ ತನ್ನ ದೇಹ. ಹಾಗಾಗಿ ನೆರೆಯವನ ಆತ್ಮದ ಹಿತಕ್ಕಾಗಿ ನನ್ನ ದೇಹಕ್ಕೆ ನಷ್ಟವಾದರೂ ತಾಳಿಕೊಳ್ಳಬಹುದು. ಅವನನ್ನು ಪಾಪದಿಂದ ಬಿಡಿಸಲೆಂದು ನಾನೇ ಒಂದು ಪಾಪ ಮಾಡುವಂತಿಲ್ಲ. ನೆರೆಯವನು ತನ್ನ ದೇಹಕ್ಕಿಂತ ಮೇಲೆ, ತನ್ನ ಆತ್ಮಕ್ಕಿಂತ ಕೆಳಗೆ ಕೂರುವ ಈ ಜಾಗ ಮರೆತಾಗಲೇ ಬೋಧನೆ ದಾರಿ ತಪ್ಪುವುದು.

ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರರಿಗೆ ಕ್ರಮದ ಈ ಏಣಿಯೇ ಒಪ್ಪಿಗೆಯಾಗಲಿಲ್ಲ. 1515-16ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಬೈಬಲಿನ 'ರೋಮಾಪುರದವರಿಗೆ ಬರೆದ ಪತ್ರಿಕೆ'ಯ ಪಾಠ ಮಾಡುವಾಗ ಅವರು ಮನುಷ್ಯನನ್ನು ತನ್ನ ಕಡೆಗೇ ಬಾಗಿಕೊಂಡವನು ಎಂದು ಬಣ್ಣಿಸಿದರು; ಅವನು ದೇವರನ್ನು ಹುಡುಕುವುದೂ ಸ್ವಂತ ಲಾಭಕ್ಕೆ. 'ನಿನ್ನಂತೆಯೇ' ಎಂಬುದು ಅಪ್ಪಣೆಯಲ್ಲ, ನಾವು ಈಗಾಗಲೇ ತಪ್ಪಾಗಿ ನಡೆಸುತ್ತಿರುವ ಪ್ರೀತಿಯ ಕಡೆ ತೋರಿಸಿದ ಬೆರಳು. ಸುಧಾರಣೆಯ ಇನ್ನೊಬ್ಬ ಮುಂದಾಳು ಕ್ಯಾಲ್ವಿನ್ ಕೂಡ ಇದೇ ಜಾಡು ಹಿಡಿದರು.

ಸ್ವಪ್ರೀತಿಯನ್ನು ಬೇರುಸಹಿತ ಕೀಳಹೋದರೆ ಏನಾಗುತ್ತದೆ ಎಂಬುದು ಗೊತ್ತಾದದ್ದು ಫ್ರಾನ್ಸಿನಲ್ಲಿ. ಕಾಂಬ್ರೆಯ ಆರ್ಚ್‌ಬಿಷಪ್ ಫೆನೆಲೋನರು 1697ರಲ್ಲಿ, ಪ್ರತಿಫಲದ ಆಸೆಯೇ ಇಲ್ಲದ ಶುದ್ಧ ಪ್ರೀತಿಯ ಸ್ಥಿತಿಯೊಂದಿದೆ ಎಂದು ಪುಸ್ತಕ ಬರೆದರು. ಬಿಷಪ್ ಬೊಸ್ಸುವೆ ತಿರುಗಿಬಿದ್ದರು. ತನ್ನ ರಕ್ಷಣೆಯೂ ಬೇಡವೆಂದಾದರೆ ವಿಶ್ವಾಸ, ನಿರೀಕ್ಷೆ, ಪ್ರೀತಿ ಎಂಬ ಮೂರರಲ್ಲಿ ನಿರೀಕ್ಷೆಗೆ ಕೆಲಸವೇ ಉಳಿಯುವುದಿಲ್ಲವಲ್ಲ! 1699ರಲ್ಲಿ ಪೋಪ್ ಹನ್ನೆರಡನೇ ಇನೊಸೆಂಟ್ ಆ ಪುಸ್ತಕದ 23 ವಾಕ್ಯಗಳನ್ನು ಖಂಡಿಸಿದರು. ಫೆನೆಲೋನರು ತಲೆಬಾಗಿದರು.

20ನೇ ಶತಮಾನದಲ್ಲಿ ದೇವಶಾಸ್ತ್ರಜ್ಞರಾದ ಸ್ವೀಡನ್ನಿನ ಆಂಡರ್ಸ್ ನೀಗ್ರೆನ್, ಅಮೆರಿಕದ ರೈನ್‌ಹೋಲ್ಡ್ ನೀಬುರ್ ಮತ್ತೆ ಲೂಥರರ ಕಡೆ ವಾಲಿದರು. 1960ರಲ್ಲಿ ಅಮೆರಿಕದ ದೇವಶಾಸ್ತ್ರಜ್ಞೆ ವ್ಯಾಲರಿ ಸೇವಿಂಗ್ ಇಬ್ಬರನ್ನೂ ಪ್ರಶ್ನಿಸಿ ಒಂದು ಪ್ರಬಂಧ ಬರೆದರು. ಅಹಂಕಾರ, ಅಧಿಕಾರದಾಸೆ ಗಂಡಸರ ಅನುಭವದ ಪಾಪಗಳು. ಹೆಂಗಸರ ಜಾರುದಾರಿ ಬೇರೆ ಎಂಬುದು ಅವರ ವಾದ. ಎಲ್ಲರಿಗೂ ಕೊಟ್ಟು ಕೊಟ್ಟು ತನ್ನದೆಂಬುದೇ ಉಳಿಯದೆ ಹೋಗುವುದು, ಮನಸ್ಸು ಚೂರುಚೂರಾಗಿ ಹರಿದುಹೋಗುವುದು, ತಾನು ಯಾರೆಂಬುದಕ್ಕೆ ಪರರ ಮುಖ ನೋಡುವುದು. ಅಂಥವಳಿಗೆ ಸ್ವಾರ್ಥ ಬಿಡು ಎಂದು ಬೋಧಿಸಿದರೆ ಅವಳು ಜಾರುತ್ತಿರುವ ಕಡೆಗೇ ದೂಡಿದಂತೆ. ಮುಂದೆ ಬೆಳೆದ ಸ್ತ್ರೀವಾದಿ ದೇವಶಾಸ್ತ್ರಕ್ಕೆ ಈ ಪುಟ್ಟ ಪ್ರಬಂಧ ಅಡಿಪಾಯವಾಯಿತು.

ಲೋಲಕ ಇನ್ನೊಂದು ತುದಿಗೂ ಹೋಯಿತು. ಅಮೆರಿಕದ ಟಿ.ವಿ. ಬೋಧಕ ರಾಬರ್ಟ್ ಶುಲರ್ 1982ರಲ್ಲಿ ಆತ್ಮಗೌರವವನ್ನೇ ಹೊಸ ಸುಧಾರಣೆ ಎಂದು ಸಾರಿ, ಮನುಷ್ಯನ ಘನತೆ ಕಸಿಯುವುದೇ ಪಾಪ ಎಂಬರ್ಥದಲ್ಲಿ ಬರೆದರು. ದೇವರಿಗೆ ಎದುರಾಗಿ ನಡೆದ ತಪ್ಪು ಎಂಬ ಅಂಶ ಅಲ್ಲಿ ತೆಳುವಾಯಿತು ಎಂಬ ಟೀಕೆ ಸರಿಯೇ. ಈ ಶುಲರ್ ದೀಕ್ಷೆ ಪಡೆದದ್ದು ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಸಭೆಯಲ್ಲಿ.