ವೇಪ್ ಕಾಯಿಲ್ ಮನೆಯಲ್ಲೇ ಸುತ್ತಿದರೆ ರುಚಿ ಜಾಸ್ತಿ ಆಗುತ್ತಾ?

ಪ್ರಶ್ನೆ: ದುಬೈಯಿಂದ ಬಂದಿರುವ ನನ್ನ ಭಾವ ವೇಪ್, ಅಂದರೆ ಇ-ಸಿಗರೇಟ್, ಸೇದುತ್ತಾರೆ. ಅದರೊಳಗೆ ದ್ರವ ಕಾಯಿಸಿ ಆವಿ ಮಾಡುವ ತಂತಿ ಸುರುಳಿಯನ್ನು, ಅಂದರೆ ಕಾಯಿಲನ್ನು, ತಾವೇ ಸುತ್ತಿಕೊಳ್ಳುತ್ತಾರೆ. ಹಾಗೆ ಮಾಡಿದರೆ ರುಚಿಯೂ ಹೊಗೆಯೂ ಜಾಸ್ತಿ ಅಂತಾರೆ. ನಮ್ಮ ಮನೆ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ ಇದೆ, ತಂತಿ ಸಿಗುತ್ತೆ. ನಾನೂ ಸುತ್ತಿ ನೋಡಬಹುದಾ?
– ಓದುಗರೊಬ್ಬರು, ಗೋಪಾಳ, ಶಿವಮೊಗ್ಗ

ಉತ್ತರ: ಮೊದಲು ತಂತಿಯ ವಿಷಯ. ಆ ಅಂಗಡಿಯ ತಂತಿಯನ್ನಂತೂ ಮುಟ್ಟಬೇಡಿ. ಅದು ತಾಮ್ರ. ಅದರ ಮೇಲೆ ಹೊಳೆಯುವ ಕಂದು ಲೇಪ ಇರುತ್ತಲ್ಲ, ಅದು ಎನಾಮಲ್, ಒಂದು ಬಗೆಯ ಪ್ಲಾಸ್ಟಿಕ್. ತೋಟದ ಪಂಪ್‌ಸೆಟ್ ಸುಟ್ಟಾಗ ಘಾಟು ಮೂಗಿಗೆ ಅಡರುವುದು ಆ ಲೇಪ ಕರಗಿ ಕರಕಲಾದಾಗಲೇ. ಅದನ್ನು ಎದೆತುಂಬ ಎಳೆದುಕೊಳ್ಳೋದು ಬೇಡ.

ಇನ್ನೊಂದು ಅಪಾಯ ಬ್ಯಾಟರಿಯದ್ದು. ವೇಪ್‌ಗೆ ಬಳಸುವ ಕಾಂತಲ್ ತಂತಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ. ಅದು ಕರೆಂಟನ್ನು ತಡೆಯುತ್ತದೆ, ಅದಕ್ಕೇ ಕಾಯುತ್ತದೆ. ತಾಮ್ರ ತಡೆಯುವುದು ಅದರ ಸುಮಾರು 80ರಲ್ಲಿ ಒಂದು ಪಾಲು. ಅಂಥ ತಂತಿಯನ್ನು ನಾಲ್ಕು ಸುತ್ತು ಸುತ್ತಿ ಲಿಥಿಯಂ ಸೆಲ್‌ಗೆ ಕೊಟ್ಟರೆ ಅದು ನೇರ ಶಾರ್ಟ್. ಸರಿಯಾದ ತಂತಿಯಲ್ಲೂ ಲೆಕ್ಕ ಬಿಗಿಯಾಗಿದೆ. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್. ಕಾಯಿಲ್‌ನ ತಡೆ 0.5 ಓಮ್ ಇದ್ದರೆ 8.4 ಆಂಪಿಯರ್ ಹರಿಯುತ್ತದೆ. 0.2 ಓಮ್‌ಗೆ ಇಳಿಸಿದರೆ 21 ಆಂಪಿಯರ್. ಹಳೇ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಸೆಲ್ ಅಷ್ಟನ್ನು ತಾಳುವುದಿಲ್ಲ. ಉಬ್ಬಿ, ಬೆಂಕಿ ಹತ್ತಬಹುದು, ಅದೂ ಮುಖದ ಹತ್ತಿರ.

ಈಗ ರುಚಿಗೆ ಬರೋಣ. ಭಾವ ಹೇಳಿದ್ದು ಸುಳ್ಳಲ್ಲ. ಕಾಯಿಲ್ ಒಳಗೆ ಹತ್ತಿಯ ಬತ್ತಿ ಇರುತ್ತದೆ, ಅದು ದ್ರವವನ್ನು ಹೀರಿ ತಂತಿಗೆ ಕೊಡುತ್ತದೆ. ದ್ರವಕ್ಕೆ ತಂತಿಯ ಮೈ ಎಷ್ಟು ಜಾಸ್ತಿ ತಾಗಿತೋ ಅಷ್ಟು ಆವಿ. ದಪ್ಪ ತಂತಿಯ ಸುತ್ತ ಸಣ್ಣ ತಂತಿ ಸುತ್ತುವ ಕ್ಲಾಪ್ಟನ್ ಕಾಯಿಲ್ ಹುಟ್ಟಿದ್ದೇ ಇದಕ್ಕಾಗಿ. ಆದರೆ ದಪ್ಪ ಕಾವಲಿ ಹಾಗೆ, ಅದು ಕಾಯೋದೂ ನಿಧಾನ, ಆರೋದೂ ನಿಧಾನ. ಸುತ್ತುಗಳು ಒಂದೇ ಸಮ ಇಲ್ಲದಿದ್ದರೆ ಒಂದೇ ಕಡೆ ಕೆಂಪಗೆ ಕಾಯುತ್ತದೆ, ಅಲ್ಲಿನ ಹತ್ತಿ ಕರಕಲಾಗುತ್ತದೆ. ಹತ್ತಿ ಜಾಸ್ತಿ ತುರುಕಿದರೆ ದ್ರವ ಏರುವುದಿಲ್ಲ. ಕಡಿಮೆ ಹಾಕಿದರೆ ಸೋರುತ್ತದೆ. ದ್ರವದಲ್ಲಿ ಗ್ಲಿಸರಿನ್ ಜಾಸ್ತಿ ಇದ್ದರೆ ಆವಿಯ ಮೋಡ ದಟ್ಟ, ಪ್ರೊಪಿಲೀನ್ ಗ್ಲೈಕಾಲ್ ಜಾಸ್ತಿ ಇದ್ದರೆ ಗಂಟಲಿಗೆ ಖಾರ.

ನನಗೆ ಭಯ ಇರುವುದು ಇಲ್ಲೇ. ರುಚಿಗಾಗಿ ಏರಿಸುವ ಬಿಸಿಯೇ ದ್ರವವನ್ನು ಒಡೆಯುತ್ತದೆ. ಬತ್ತಿ ಒಣಗಿದಾಗ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಹುಟ್ಟುತ್ತವೆ. ಅಕ್ರೋಲಿನ್ ಅಂದರೆ ಬಾಣಲೆಯಲ್ಲಿ ಎಣ್ಣೆ ಸೀದಾಗ ಕಣ್ಣು ಉರಿಸುವ ಆ ಹೊಗೆಯ ಅಂಶ. ಕಾದ ಕಾಯಿಲ್‌ಗಳಿಂದ ನಿಕ್ಕಲ್, ಕ್ರೋಮಿಯಂನಂಥ ಲೋಹಗಳು ಕೂಡ ಆವಿಗೆ ಸೇರುತ್ತವೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ಮೋಡ ದೊಡ್ಡದಾದಷ್ಟೂ ಇವೆಲ್ಲ ಒಂದೊಂದು ಉಸಿರಿಗೂ ಹೆಚ್ಚು. ನಾಲಿಗೆಗೆ ಇದೆಲ್ಲ ಯಾವಾಗಲೂ ಗೊತ್ತಾಗುವುದಿಲ್ಲ, ಮಾವಿನಹಣ್ಣಿನ ಫ್ಲೇವರ್ ಮುಚ್ಚಿಬಿಡಬಹುದು. ಅದರ ಮೇಲೆ ನಿಕೋಟಿನ್. ನಮ್ಮ ಮಲೆನಾಡಲ್ಲಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಂಡು, ಬಿಡಲಾಗದೆ ಒದ್ದಾಡುವವರನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಕಾನೂನೂ ನಿಮ್ಮ ಕಡೆ ಇಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ದ್ರವದಲ್ಲಿ ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಅದು ಅನ್ವಯ. ಪೂರ್ತಿ ಸಾಧನ ಮಾತ್ರ ಅಲ್ಲ, ಅದರ ಯಾವ ಭಾಗವನ್ನು ತಯಾರಿಸಿದರೂ ಮಾರಿದರೂ ತಪ್ಪೇ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಕಾಯಿಲ್ ಸುತ್ತುವುದೇ ತಯಾರಿಕೆ ಅನ್ನಿಸಿಕೊಳ್ಳಬಹುದು. ಹೊರದೇಶದಿಂದ ತರುವುದಕ್ಕೂ ನಿಷೇಧ ಇದೆ. ದುಬೈಯಲ್ಲಿ ನಡೆಯುತ್ತೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ, ಇದನ್ನು ಭಾವನಿಗೂ ತಿಳಿಸಿ.

ಅವರು ಸಿಗರೇಟ್ ಬಿಡಲೆಂದು ವೇಪ್ ಹಿಡಿದವರಾದರೆ ಸುಮ್ನೆ ಬೈಯಬೇಡಿ. ನಿಕೋಟಿನ್ ಗಮ್, ಪ್ಯಾಚ್ ಇವೆ, ಮೆಗ್ಗಾನ್ ಆಸ್ಪತ್ರೆಯ ವೈದ್ಯರನ್ನು ಕೇಳಲಿ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-112-356ಕ್ಕೆ ಕರೆ ಮಾಡಲು ಕಾಸು ಬೇಕಿಲ್ಲ.