ಹೆರಿಗೆಯ ನಂತರವೂ ಅಮ್ಮನ ಮೈಯಲ್ಲಿ ಉಳಿಯುವ ಲೆಕ್ಕ

ಗರ್ಭಿಣಿಯ ಊಟದ ಬಗ್ಗೆ ಮಾತು ಶುರುವಾದರೆ ಎರಡೇ ನಿಮಿಷದಲ್ಲಿ ಅದು ಮಗುವಿನ ಕಡೆ ಹೊರಳುತ್ತದೆ. ಮಗುವಿನ ತೂಕ, ಮಗುವಿನ ಮೂಳೆ, ಮಗುವಿನ ಮಿದುಳು. ಅದು ಬೇಕಾದ್ದೇ, ಬಿಡಿ. ಆದರೆ ಆ ಒಂಬತ್ತು ತಿಂಗಳು ತಿಂದದ್ದು, ತಿನ್ನಲು ಸಿಗದೇ ಹೋದದ್ದು ಅಮ್ಮನ ಮೈಮೇಲೂ ಹತ್ತಿಪ್ಪತ್ತು ವರ್ಷ ಗುರುತು ಉಳಿಸಬಲ್ಲದು. ಅದನ್ನು ಅವಳಿಗೆ ಕೂರಿಸಿಕೊಂಡು ಹೇಳುವವರು ತುಂಬಾ ಕಮ್ಮಿ.

ಕ್ಯಾಲ್ಸಿಯಂನಿಂದ ಶುರು ಮಾಡೋಣ, ಯಾಕೆಂದರೆ ಅಲ್ಲಿರುವುದು ಒಳ್ಳೆಯ ಸುದ್ದಿ. ಹುಟ್ಟುವ ಹೊತ್ತಿಗೆ ಮಗುವಿನ ಮೂಳೆಗಳಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬಹುಪಾಲು ಸೇರುವುದು ಕೊನೆಯ 3 ತಿಂಗಳಲ್ಲಿ. ಇದಕ್ಕೆ ಅಮ್ಮನ ಕರುಳು ಮೊದಲೇ ತಯಾರಾಗಿರುತ್ತದೆ. ಊಟದಿಂದ ಅದು ಹೀರಿಕೊಳ್ಳುವ ಕ್ಯಾಲ್ಸಿಯಂ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಹಾಲೂಡಿಸಲು ಶುರು ಮಾಡಿದಾಗ ದಾರಿ ಬದಲಾಗುತ್ತದೆ. ಕರುಳು ಹಳೆಯ ಲಯಕ್ಕೆ ಮರಳುತ್ತದೆ. ಸ್ತನವೇ ಹಾರ್ಮೋನಿನಂಥ ಒಂದು ಪ್ರೋಟೀನನ್ನು ರಕ್ತಕ್ಕೆ ಬಿಟ್ಟು ಮೂಳೆಯಿಂದ ಕ್ಯಾಲ್ಸಿಯಂ ಎಳೆಸುತ್ತದೆ. ಕೆಲವೇ ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇಕಡ 3ರಿಂದ 10ರಷ್ಟು ಇಳಿಯುತ್ತದೆ. ಕೇಳಿದರೆ ಭಯವಾಗುತ್ತದೆ, ಅಲ್ವಾ? ಆದರೆ ಮಗು ಹಾಲು ಬಿಟ್ಟ 6ರಿಂದ 12 ತಿಂಗಳಲ್ಲಿ ಹೆಚ್ಚಿನವರಲ್ಲಿ ಆ ಮೂಳೆ ಮತ್ತೆ ತುಂಬಿಕೊಳ್ಳುತ್ತದೆ. ಮಗುವಿಗಾಗಿ ಅಮ್ಮನ ಹಲ್ಲಿನಿಂದ ಕ್ಯಾಲ್ಸಿಯಂ ಕರಗುತ್ತದೆ ಎಂಬ ಮಾತೂ ನಿಜವಲ್ಲ. ಗರ್ಭಿಣಿಯರಲ್ಲಿ ಊದಿಕೊಳ್ಳುವುದು ವಸಡು.

ಕಬ್ಬಿಣದ ವಿಷಯದಲ್ಲಿ ಮೈ ಇಷ್ಟು ಸಲೀಸಾಗಿ ಚೇತರಿಸಿಕೊಳ್ಳುವುದಿಲ್ಲ. ಒಂದು ಬಸಿರಿಗೆ ಒಟ್ಟು ಸುಮಾರು 1 ಗ್ರಾಂ ಕಬ್ಬಿಣ ಬೇಕು. ಮಗು ಮತ್ತು ಮಾಸಿಗೇ ಅದರಲ್ಲಿ 300 ಮಿಲಿಗ್ರಾಂ ಹೋಗುತ್ತದೆ. ಅಮ್ಮನ ರಕ್ತ ಹೆಚ್ಚಾಗಬೇಕಲ್ಲ, ದೊಡ್ಡ ಪಾಲು ಅದಕ್ಕೆ. ತಿಂಗಳು ತಿಂಗಳು ಮುಟ್ಟಾಗುವ ಹೆಂಗಸಿನ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಚೆನ್ನಾಗಿದ್ದರೂ ಸುಮಾರು 300 ಮಿಲಿಗ್ರಾಂ. ಎಷ್ಟೋ ಜನರಲ್ಲಿ ಅದೂ ಇರುವುದಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೆ ದಿನಕ್ಕೆ 30ರಿಂದ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ ಹೇಳುತ್ತದೆ. ಅದನ್ನು ಊಟದ ಜೊತೆ ಚಹಾ ಕುಡಿಯುತ್ತಾ ನುಂಗಿದರೆ ಮೈಗೆ ಸೇರುವುದು ಕಡಿಮೆ.

ಕಬ್ಬಿಣ ಖಾಲಿಯಾದ ಮೈಯಲ್ಲಿ ಹೆರಿಗೆಯ ರಕ್ತ ಹೋಗಿ, ತುಂಬಿಕೊಳ್ಳುವ ಮೊದಲೇ ಇನ್ನೊಂದು ಬಸಿರಾದರೆ? ಸುಸ್ತು, ಉಸಿರು ಕಟ್ಟುವುದು ಅವಳ ಸ್ವಭಾವವೇ ಆಗಿಬಿಡುತ್ತದೆ. ಎಲ್ಲರೂ ಅದನ್ನು ಬಾಣಂತಿಯ ಆಯಾಸ ಅಂದುಕೊಂಡು ಸುಮ್ನೆ ಆಗುತ್ತಾರೆ. ಹೆರಿಗೆಯಾಗಿ ಕನಿಷ್ಠ 24 ತಿಂಗಳು ಕಳೆದ ಮೇಲೆ ಮುಂದಿನ ಬಸಿರು ಅನ್ನುವ ಸಲಹೆಗೆ ಇದೂ ಒಂದು ಕಾರಣ. ಅಯೋಡಿನ್ ಕೊರತೆಯದೂ ಇಂಥದೇ ಕಥೆ. ಬಸಿರಿನಲ್ಲಿ ದೊಡ್ಡದಾದ ಥೈರಾಯ್ಡ್ ಗ್ರಂಥಿ ಹೆರಿಗೆಯ ನಂತರ ಪೂರ್ತಿ ಕುಗ್ಗದೇ ಉಳಿಯಬಹುದು.

ನನಗೆ ಹೆಚ್ಚು ಚಿಂತೆ ತರುವುದು ಶುಗರ್ ಮತ್ತು ಬಿಪಿ. ಹೃದಯದ ಬಲ ನೋಡಲು ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾರಲ್ಲ, ಬಸಿರು ಇಡೀ ದೇಹಕ್ಕೆ ಅಂಥದೊಂದು ಪರೀಕ್ಷೆ. ಮಗುವಿಗೆ ಸಕ್ಕರೆ ಸದಾ ಸಿಗುತ್ತಿರಲಿ ಎಂದು ಮಾಸಿನ ಹಾರ್ಮೋನುಗಳು ಅಮ್ಮನ ಇನ್ಸುಲಿನ್ ಕೆಲಸಕ್ಕೆ ತಡೆ ಹಾಕುತ್ತವೆ. ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಸುರಿಸಿ ಸರಿದೂಗಿಸಬೇಕು. ಆಗದಿದ್ದರೆ ಗರ್ಭಾವಸ್ಥೆಯ ಮಧುಮೇಹ. ಮಾಸು ಹೊರಬಿದ್ದ ಮೇಲೆ ಸಾಮಾನ್ಯವಾಗಿ ಶುಗರ್ ಇಳಿಯುತ್ತದೆ. ಮನೆಯವರು ನಿರಾಳರಾಗುತ್ತಾರೆ. ಆದರೆ ಅಂಥ ಹೆಂಗಸರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 10 ಪಟ್ಟು ಎಂದು 2020ರಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದು ತೋರಿಸಿತು. ಬಸಿರಿನಲ್ಲಿ ಬಿಪಿ ವಿಪರೀತ ಏರುವ ಪ್ರೀಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟು.

ಇದೆಲ್ಲ ಊಟದ ತಪ್ಪು ಎಂದು ಯಾರೂ ಆ ಹೆಂಗಸಿನ ಮೇಲೆ ಹೊರಿಸಬಾರದು. ವಂಶ, ವಯಸ್ಸು, ಬಸಿರಿಗೆ ಮೊದಲಿನ ತೂಕ, ಎಲ್ಲವೂ ಇದರಲ್ಲಿ ಸೇರಿವೆ. ಊಟ ಅದರಲ್ಲೊಂದು ಎಳೆ, ಆದರೆ ನಮ್ಮ ಕೈಗೆ ಸಿಗುವ ಎಳೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಅದನ್ನು ಬೇರೆಯಾಗಿ ಕೊಟ್ಟರೆ ಪ್ರೀಎಕ್ಲಾಂಪ್ಸಿಯಾ ಕಡಿಮೆಯಾಗುತ್ತದೆ. ಇಬ್ಬರಿಗಾಗುವಷ್ಟು ತಿನ್ನು ಎಂಬ ಒತ್ತಾಯವಂತೂ ನಿಲ್ಲಬೇಕು. ಮೊದಲ 3 ತಿಂಗಳಲ್ಲಿ ಹೆಚ್ಚಿನ ಊಟ ಬೇಕಾಗುವುದೇ ಇಲ್ಲ ಅನ್ನಬಹುದು. ಕೊನೆಯ 3 ತಿಂಗಳಲ್ಲೂ ಮಾಮೂಲಿ ಊಟದ ಮೇಲೆ ದಿನಕ್ಕೆ ಸುಮಾರು 450 ಕ್ಯಾಲರಿ ಹೆಚ್ಚಿಗೆ ಸಿಕ್ಕರೆ ಸಾಕು. ಸಾಧಾರಣ ತೂಕದ ಹೆಂಗಸು ಬಸಿರಿನಲ್ಲಿ 11.5ರಿಂದ 16 ಕಿಲೋ ಹೆಚ್ಚಾದರೆ ಸರಿ ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಹೇಳಿತು. ಅದಕ್ಕಿಂತ ತುಂಬಾ ಜಾಸ್ತಿ ಏರಿದ ತೂಕ ವರ್ಷಗಳಾದರೂ ಇಳಿಯದೇ ಉಳಿಯುವುದೇ ಹೆಚ್ಚು.

ತಡವಾಯಿತು ಎಂದು ಕೈಚೆಲ್ಲಬೇಕಿಲ್ಲ. ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಹಿಂದೆ ಬಸಿರಿನಲ್ಲಿ ಶುಗರ್ ಬಂದಿದ್ದ ಹೆಂಗಸರೂ ಇದ್ದರು. ಅದಾಗಿ ಎಷ್ಟೋ ವರ್ಷ ಕಳೆದಿತ್ತು. ಆದರೂ ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ ಮಧುಮೇಹ ಸುಮಾರು ಅರ್ಧಕ್ಕೆ ಇಳಿಯಿತು.

ಬಸಿರಿನಲ್ಲಿ ಶುಗರ್ ಬಂದವರು ಹೆರಿಗೆಯಾಗಿ 4ರಿಂದ 12 ವಾರದೊಳಗೆ ಗ್ಲೂಕೋಸ್ ಕುಡಿದು ರಕ್ತ ಪರೀಕ್ಷೆ ಮಾಡಿಸಬೇಕು, ಆಮೇಲೆ 1ರಿಂದ 3 ವರ್ಷಕ್ಕೊಮ್ಮೆ. ಮಗುವಿನ ಲಸಿಕೆಗೆ ತಪ್ಪದೇ ಹೋಗುವ ಎಷ್ಟೋ ಅಮ್ಮಂದಿರು ಇದನ್ನು ಮಾಡಿಸುವುದೇ ಇಲ್ಲ, ಹೇಳಿದವರೂ ಇರುವುದಿಲ್ಲ. ಮುಂದೆ ಯಾವ ಕಾಯಿಲೆಗೆ ಯಾವ ಡಾಕ್ಟರ ಬಳಿ ಹೋದರೂ, ನಲವತ್ತೈದಾಗಿರಲಿ ಅರವತ್ತಾಗಿರಲಿ, ಬಸುರಿಯಾಗಿದ್ದಾಗ ಶುಗರ್ ಬಂದಿತ್ತು, ಬಿಪಿ ಏರಿತ್ತು ಎಂದು ಹೇಳಿ. ಅವರು ಕೇಳದಿದ್ದರೂ ಹೇಳಿ.